ಕಂಕುಳಲ್ಲಿ ಹೊಳೆಯುವ ಗಂಟು: ಕ್ಯಾನ್ಸರ್ ಹರಡಿದೆಯಾ ಎಂದು ಬೆಳಕಿನಲ್ಲಿ ಹುಡುಕುವುದು ಹೇಗೆ?

[ದೃಶ್ಯ: ಮೇಜಿನ ಮೇಲೆ ಒಂದು ಡಜನ್ ಹಸಿರು ಗಾಜಿನ ಬಳೆ]

ನಮಸ್ಕಾರ. ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಗಿತ್ತು. ಆಪರೇಷನ್ ಆಯಿತು, ಗುಣವೂ ಆಯಿತು. ಆದರೆ ಮರುವರ್ಷ ಗೌರಿ ಹಬ್ಬಕ್ಕೆ ಬಳೆ ತೊಡಲು ಕೂತರೆ ಎಡಗೈಗೆ ಒಂದೂ ಏರಲಿಲ್ಲ. ಕೈ ಅಷ್ಟು ಊದಿತ್ತು. ಬಲಗೈಗೆ ಮಾತ್ರ ತೊಟ್ಟು ಎದ್ದು ಹೋದರು.

ಆ ಊತ ಕ್ಯಾನ್ಸರಿನದಲ್ಲ. ಕಂಕುಳಲ್ಲಿದ್ದ ಲಿಂಫ್ ನೋಡ್‌ಗಳನ್ನು ಪೂರ್ತಿ ತೆಗೆದಿದ್ದರಿಂದ ಬಂದದ್ದು.

[ದೃಶ್ಯ: ಸ್ತನದಿಂದ ಕಂಕುಳಿಗೆ ಹೋಗುವ ನಾಳಗಳ ಚಿತ್ರ]

ಲಿಂಫ್ ನೋಡ್ ಅಂದರೆ ಚಿಕ್ಕ ಗಂಟು. ಹೆಸರುಕಾಳಿನಷ್ಟು, ಕೆಲವು ಅವರೆಕಾಳಿನಷ್ಟು. ಒಂದು ಕಂಕುಳಲ್ಲಿ ಸುಮಾರು 20ರಿಂದ 30 ಇರುತ್ತವೆ. ಮೈಯೊಳಗೆ ಒಸರುವ ನೀರು ಸಣ್ಣ ನಾಳಗಳಲ್ಲಿ ಹರಿದು ಬಂದು ಇಲ್ಲಿ ಸೋಸಿಕೊಂಡು ಮುಂದೆ ಹೋಗುತ್ತದೆ. ಸ್ತನದಿಂದ ಕಳಚಿಕೊಂಡ ಕ್ಯಾನ್ಸರ್ ಕಣಗಳೂ ಇದೇ ದಾರಿ ಹಿಡಿಯುತ್ತವೆ. ಅದಕ್ಕೇ ಹಿಂದೆ ಗಂಟುಗಳನ್ನೆಲ್ಲ ತೆಗೆದು ನೋಡುತ್ತಿದ್ದರು. ಎಷ್ಟೋ ಹೆಂಗಸರಲ್ಲಿ ಅವು ಶುದ್ಧವಾಗಿಯೇ ಇರುತ್ತಿದ್ದವು. ಕೈ ಮಾತ್ರ ಸುಮ್ನೆ ಊದಿಕೊಂಡಿತು, ಅಲ್ವಾ?

1992ರಲ್ಲಿ ಅಮೆರಿಕದ ಸರ್ಜನ್ ಡೊನಾಲ್ಡ್ ಮಾರ್ಟನ್ ಮತ್ತು ಸಂಗಡಿಗರು ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನಲ್ಲಿ ಬೇರೆ ದಾರಿ ತೋರಿಸಿದರು. ನೀಲಿ ಬಣ್ಣ ಚುಚ್ಚಿ, ಅದು ಮೊದಲು ಯಾವ ಗಂಟಿಗೆ ಹೋಗುತ್ತದೋ ಅದನ್ನಷ್ಟೇ ತೆಗೆದು ನೋಡುವುದು. ಅದೇ ಸೆಂಟಿನೆಲ್ ನೋಡ್, ಅಂದರೆ ಕಾವಲಿನ ಗಂಟು. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೆ ಹಿಂದಿನವುಗಳಲ್ಲಿ ಇರುವ ಸಾಧ್ಯತೆ ತುಂಬಾ ಕಡಿಮೆ. ಕೆಲವೇ ವರ್ಷಗಳಲ್ಲಿ ಸ್ತನ ಕ್ಯಾನ್ಸರಿಗೂ ಈ ವಿಧಾನ ಬಂತು.

[ದೃಶ್ಯ: ಕತ್ತಲೆ ಕೋಣೆ, ಅಂಗೈ ಹಿಂದೆ ಹಚ್ಚಿದ ಟಾರ್ಚ್]

ಈಗ ಬೆಳಕಿನ ವಿಷಯ. ಚಿಕ್ಕವರಿದ್ದಾಗ ಟಾರ್ಚಿಗೆ ಅಂಗೈ ಅಡ್ಡ ಹಿಡಿದು ಆಡಿದ್ದೀರಲ್ಲ? ಕೈ ಕೆಂಪಗೆ ಕಾಣುತ್ತದೆ. ಬೇರೆ ಬಣ್ಣಗಳನ್ನು ರಕ್ತ ಹೀರಿಕೊಳ್ಳುತ್ತದೆ, ಕೆಂಪು ಆಚೆ ದಾಟುತ್ತದೆ. ಕೆಂಪಿಗಿಂತ ಆಚೆಗಿನ ಇನ್‌ಫ್ರಾರೆಡ್ ಬೆಳಕು ಇನ್ನೂ ಚೆನ್ನಾಗಿ ದಾಟುತ್ತದೆ.

ಇಂಡೋಸಯನೀನ್ ಗ್ರೀನ್, ಡಾಕ್ಟರ್‌ಗಳ ಬಾಯಲ್ಲಿ ಐಸಿಜಿ, ಒಂದು ಹಸಿರು ಬಣ್ಣ. ಫೋಟೋ ಫಿಲ್ಮಿನ ಕೊಡಾಕ್ ಕಂಪನಿಯಲ್ಲಿ ಹುಟ್ಟಿದ್ದು. 1959ರಲ್ಲೇ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತ್ತು. ಮೊದಲು ಬಳಸಿದ್ದು ಹೃದಯ, ಲಿವರ್ ಪರೀಕ್ಷೆಗೆ.

ಮೊಲೆತೊಟ್ಟಿನ ಹತ್ತಿರ ಇದನ್ನು ಸ್ವಲ್ಪ ಚುಚ್ಚಿ, ಕೆಲವು ನಿಮಿಷ ಮೆಲ್ಲಗೆ ತಿಕ್ಕುತ್ತಾರೆ. ಆಪರೇಷನ್ ದೀಪ ಆರಿಸುತ್ತಾರೆ. ಕ್ಯಾಮೆರಾ ಸುಮಾರು 800 ನ್ಯಾನೋಮೀಟರಿನ ಇನ್‌ಫ್ರಾರೆಡ್ ಬೆಳಕು ಬಿಡುತ್ತದೆ. ಬಣ್ಣ ಅದನ್ನು ನುಂಗಿ, ಸ್ವಲ್ಪ ಬೇರೆ ಬೆಳಕನ್ನು ಹೊರಬಿಡುತ್ತದೆ. ಕ್ಯಾಮೆರಾದ ಫಿಲ್ಟರ್ ಬಣ್ಣದಿಂದ ಬಂದ ಆ ಬೆಳಕನ್ನಷ್ಟೇ ಒಳಗೆ ಬಿಡುತ್ತದೆ.

ಬರಿಗಣ್ಣಿಗೆ ಏನೂ ಇಲ್ಲ. ಪರದೆ ನೋಡಿ! ಕಪ್ಪು ಹಿನ್ನೆಲೆಯಲ್ಲಿ ಬಿಳಿ ದಾರದಂಥ ಗೆರೆ ಕಂಕುಳಿನ ಕಡೆ ತೆವಳುತ್ತಾ ಹೋಗುತ್ತದೆ. ಅದು ಮಾಯವಾಗುವ ಕಡೆ ಸರ್ಜನ್ ಸಣ್ಣಗೆ ಕೊಯ್ಯುತ್ತಾರೆ. ಸೆಂಟಿಮೀಟರಿಗಿಂತ ಜಾಸ್ತಿ ಆಳದ ಗಂಟು ಚರ್ಮದ ಮೇಲಿಂದ ಕಾಣುವುದು ಕಷ್ಟ. ಒಳಗೆ ಹೋದಂತೆ ಅದು ಹೊಳೆಯುತ್ತಾ ಎದುರಿಗೆ ಬರುತ್ತದೆ.

ಇದು ನೀಲಿ ಬಣ್ಣಕ್ಕಿಂತ ಮೇಲಾ? ಗರ್ಭಕೋಶ ಮತ್ತು ಗರ್ಭಕೊರಳಿನ ಕ್ಯಾನ್ಸರಿನಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಐಸಿಜಿ ಶೇ 97ರಷ್ಟು ಗಂಟುಗಳನ್ನು ತೋರಿಸಿತು, ನೀಲಿ ಬಣ್ಣ ಶೇ 47ರಷ್ಟನ್ನು.

[ದೃಶ್ಯ: ಮೈಕ್ರೋಸ್ಕೋಪ್ ಮುಂದೆ ಕೂತ ಪೆಥಾಲಜಿಸ್ಟ್]

ಒಂದು ಮಾತು ದಯವಿಟ್ಟು ಗಮನಿಸಿ. ಗಂಟು ಹೊಳೆದ ಮಾತ್ರಕ್ಕೆ ಅದರಲ್ಲಿ ಕ್ಯಾನ್ಸರ್ ಇದೆ ಅಂತಲ್ಲ. ಐಸಿಜಿ ತೋರಿಸುವುದು ದಾರಿಯನ್ನು. ಕ್ಯಾನ್ಸರ್ ಇದೆಯೋ ಇಲ್ಲವೋ ಎಂದು ಹೇಳುವುದು ಮೈಕ್ರೋಸ್ಕೋಪ್. ಕ್ಯಾನ್ಸರ್ ತುಂಬಿ ಗಂಟಿನ ದಾರಿ ಮುಚ್ಚಿಹೋಗಿದ್ದರೆ ಬಣ್ಣ ಪಕ್ಕದ ದಾರಿ ಹಿಡಿದು ದಾರಿ ತಪ್ಪಿಸಲೂಬಹುದು. ಆಪರೇಷನ್ನಿಗೆ ಮೊದಲು ಕಂಕುಳಿನ ಸ್ಕ್ಯಾನಿಂಗ್ ಮಾಡಿಸುವುದು ಇದಕ್ಕೂ ಸೇರಿಯೇ. ತೆಗೆದ ಗಂಟನ್ನು ಕತ್ತರಿಸದೆ, ಬೆಳಕು ಅದರೊಳಗಿಂದ ಚದುರಿ ಬರುವ ರೀತಿ ನೋಡಿಯೇ ಕ್ಯಾನ್ಸರ್ ಗುರುತಿಸುವ ಸಂಶೋಧನೆಯೂ ನಡೆದಿದೆ. ಮೈಕ್ರೋಸ್ಕೋಪಿನ ಜಾಗಕ್ಕೆ ಅದು ಇನ್ನೂ ಬಂದಿಲ್ಲ.

ಐಸಿಜಿ ಕ್ಯಾಮೆರಾ ದುಬಾರಿ, ಎಲ್ಲ ಕಡೆ ಸಿಗುವುದಿಲ್ಲ. ಇಲ್ಲದಿದ್ದರೆ ಹೆದರಬೇಡಿ. ನೀಲಿ ಬಣ್ಣ ಮತ್ತು ವಿಕಿರಣದ ವಿಧಾನಗಳಿಂದಲೂ ಕಾವಲಿನ ಗಂಟು ಹುಡುಕುತ್ತಾರೆ. ಮನೆಯಲ್ಲಿ ಯಾರಿಗಾದರೂ ಸ್ತನ ಕ್ಯಾನ್ಸರ್ ಆಪರೇಷನ್ ನಿಗದಿಯಾಗಿದ್ದರೆ, ಚೀಟಿಯಲ್ಲಿ ಇದನ್ನು ಬರೆದುಕೊಂಡು ಹೋಗಿ: "ಡಾಕ್ಟ್ರೇ, ಕಂಕುಳಿನ ಗಂಟೆಲ್ಲ ತೆಗೀಲೇಬೇಕಾ? ಸೆಂಟಿನೆಲ್ ನೋಡ್ ಬಯಾಪ್ಸಿ ಇವರಿಗೆ ಆಗುತ್ತಾ?"