ಬಟ್ಟೆಯಲ್ಲಿ ಹೊಲಿದ ಬಲ

ಶ್ರೋತೃಗಳಿಗೆ ನಮಸ್ಕಾರ.

ಲಕ್ವ ಹೊಡೆದವರು ಚೇತರಿಸಿಕೊಂಡು ಮತ್ತೆ ನಡೆಯಲು ಆರಂಭಿಸಿದಾಗ ಎರಡು ತೊಡಕುಗಳು ಹೆಚ್ಚಾಗಿ ಕಾಣುತ್ತವೆ. ಹೆಜ್ಜೆ ಎತ್ತಿದಾಗ ಪಾದದ ಮುಂಭಾಗ ಮೇಲೇಳದೆ ನೆಲಕ್ಕೆ ಎಡವುತ್ತದೆ. ಅದನ್ನು ತಪ್ಪಿಸಲು ಅವರು ಕಾಲನ್ನು ಪಕ್ಕದಿಂದ ಸುತ್ತಿಸಿ ತಂದು ಮುಂದಿಡುತ್ತಾರೆ. ಹಿಮ್ಮಡಿ ಎತ್ತಿ ನೆಲವನ್ನು ಒತ್ತಿ ದೇಹವನ್ನು ಮುಂದೂಡುವ ಮೀನಖಂಡದ ಬಲವೂ ಕುಂದಿರುತ್ತದೆ. ಹೀಗಾಗಿ ನಡಿಗೆ ನಿಧಾನವಾಗುತ್ತದೆ, ಬೇಗ ದಣಿವಾಗುತ್ತದೆ, ಬೀಳುವ ಭಯದಿಂದ ಹೊಸ್ತಿಲು ದಾಟುವುದೇ ಕಡಿಮೆಯಾಗುತ್ತದೆ. ಬಟ್ಟೆ, ಪಟ್ಟಿ ಮತ್ತು ತಂತಿಗಳಿಂದ ಮಾಡಿದ, ಮೈಮೇಲೆ ತೊಡಬಹುದಾದ ಮೃದು ರೋಬೋಟುಗಳು ಈ ಎರಡು ತೊಡಕುಗಳನ್ನು ಹೇಗೆ ಎದುರಿಸುತ್ತವೆ, ಅವು ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳದ ಜನರಿಗೆ ಒದಗಬೇಕಾದರೆ ಏನಾಗಬೇಕು ಎಂಬುದೇ ಇಂದಿನ ವಿಷಯ.

ರೋಬೋಟು ಎಂದೊಡನೆ ಕಬ್ಬಿಣದ ಮೈಕಟ್ಟು ಕಣ್ಣ ಮುಂದೆ ಬರುವುದು ಸಹಜ. ಸೊಂಟದಿಂದ ಪಾದದವರೆಗೆ ಲೋಹದ ಚೌಕಟ್ಟು ಕಟ್ಟಿ, ಕೀಲುಗಳಲ್ಲಿ ಮೋಟಾರು ಇಟ್ಟು ನಡೆಸುವ ಯಂತ್ರಗಳು ಇವೆ, ಅವುಗಳ ಉಪಯೋಗವೂ ದೊಡ್ಡದು. ಆದರೆ ಕಾಲಿನಲ್ಲಿ ಸ್ವಲ್ಪವಾದರೂ ಶಕ್ತಿ ಉಳಿದಿರುವವರಿಗೆ ಆ ಭಾರವೇ ಹೊರೆಯಾಗುತ್ತದೆ. ಚೌಕಟ್ಟಿನ ಕೀಲು ದೇಹದ ಕೀಲಿಗೆ ಸರಿಯಾಗಿ ಕೂಡದಿದ್ದರೆ ಪ್ರತಿ ಹೆಜ್ಜೆಯಲ್ಲೂ ಎಳೆದಾಟ ನಡೆಯುತ್ತದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಕಾನರ್ ವಾಲ್ಶ್ ಅವರ ತಂಡ ಬೇರೆ ದಾರಿ ಹಿಡಿಯಿತು. ಭಾರ ಹೊರಲು ಮನುಷ್ಯನ ಮೂಳೆಗಳು ಇದ್ದೇ ಇವೆ, ಯಂತ್ರವು ಸ್ನಾಯುವಿಗೆ ಮಾತ್ರ ಜೊತೆಯಾದರೆ ಸಾಕು ಎಂಬ ಯೋಚನೆ ಅದರದು.

ಆ ಸಂಶೋಧನೆಯಿಂದ ಬೆಳೆದ 'ರಿಸ್ಟೋರ್' ಎಂಬ ಉಡುಪಿಗೆ 2019ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಪಾರ್ಶ್ವವಾಯು ಪೀಡಿತರ ನಡಿಗೆಯ ತರಬೇತಿಗಾಗಿ ಅನುಮತಿ ನೀಡಿತು. ಸೊಂಟದ ಪಟ್ಟಿಯಲ್ಲಿ ಮೋಟಾರು ಮತ್ತು ಬ್ಯಾಟರಿ, ಮೀನಖಂಡಕ್ಕೆ ಬಟ್ಟೆಯ ಸುತ್ತುಪಟ್ಟಿ, ಅಲ್ಲಿಂದ ಪಾದದವರೆಗೆ ಎರಡು ತಂತಿಗಳು. ಒಂದು ಹಿಮ್ಮಡಿಯ ಕಡೆಗೆ, ಇನ್ನೊಂದು ಪಾದದ ಮುಂಭಾಗಕ್ಕೆ. ಸೈಕಲ್ಲಿನ ಬ್ರೇಕ್ ವೈರಿನ ಹಾಗೆ ಕೊಳವೆಯೊಳಗೆ ಓಡುವ ತಂತಿಗಳು ಅವು. ಪಾದ ನೆಲವನ್ನು ಒತ್ತಿ ಹೊರಡುವ ಹೊತ್ತಿಗೆ ಹಿಂದಿನ ತಂತಿ ಬಿಗಿಯಾಗಿ ಹಿಮ್ಮಡಿಯನ್ನು ಎತ್ತುತ್ತದೆ. ಕಾಲು ಗಾಳಿಯಲ್ಲಿರುವಾಗ ಮುಂದಿನ ತಂತಿ ಪಾದದ ತುದಿಯನ್ನು ಮೇಲಕ್ಕೆ ಹಿಡಿಯುತ್ತದೆ. ಉಳಿದ ಹೊತ್ತು ತಂತಿಗಳು ಸಡಿಲವಾಗಿದ್ದು, ಉಡುಪು ಕಾಲಿಗೆ ಅಡ್ಡಿಯಾಗುವುದಿಲ್ಲ. ಹೆಜ್ಜೆ ಯಾವ ಹಂತದಲ್ಲಿದೆ ಎಂಬುದನ್ನು ಸಂವೇದಕಗಳು ಕ್ಷಣಕ್ಷಣಕ್ಕೂ ಅಳೆಯುತ್ತವೆ, ಏಕೆಂದರೆ ಇಲ್ಲಿ ಬಲದಷ್ಟೇ ಸಮಯವೂ ಮುಖ್ಯ; ತಪ್ಪಾದ ಗಳಿಗೆಯಲ್ಲಿ ಎಳೆದರೆ ಅದೇ ತಂತಿ ಮನುಷ್ಯನನ್ನು ಮುಗ್ಗರಿಸುವಂತೆ ಮಾಡಬಲ್ಲದು.

ತಂತಿಯ ಬದಲು ಗಾಳಿಯಿಂದಲೂ ಬಲ ಪಡೆಯಬಹುದು, ಮತ್ತು ಆ ವಿದ್ಯೆ ಹೊಸದೇನಲ್ಲ. 1950ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಜೋಸೆಫ್ ಮೆಕಿಬ್ಬನ್, ಪೋಲಿಯೊದಿಂದ ಕೈ ಸೋತಿದ್ದ ತಮ್ಮ ಮಗಳಿಗಾಗಿ ಒಂದು ಕೃತಕ ಸ್ನಾಯುವನ್ನು ರೂಪಿಸಿದರು. ರಬ್ಬರ್ ಕೊಳವೆಯ ಮೇಲೆ ಹೆಣೆದ ಜಾಲರಿಯ ತೋಳು. ಗಾಳಿ ತುಂಬಿದಾಗ ಅದು ಉಬ್ಬಿ, ಉದ್ದದಲ್ಲಿ ಕುಗ್ಗಿ, ತುದಿಗೆ ಕಟ್ಟಿದ್ದನ್ನು ಎಳೆಯುತ್ತದೆ. ಭಾರತವು 2014ರಲ್ಲಿ ಪೋಲಿಯೊ ಮುಕ್ತವೆಂದು ದೃಢೀಕರಣ ಪಡೆಯಿತು, ಆದರೆ ಅದಕ್ಕೂ ಮುಂಚೆ ಆ ರೋಗ ತಗುಲಿದ ಮಕ್ಕಳು ಇಂದು ನಡುವಯಸ್ಸಿನವರಾಗಿ, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್ ಧರಿಸಿಯೋ ಮೊಣಕಾಲಿಗೆ ಕೈಯೂರಿಯೋ ನಮ್ಮ ನಡುವೆ ನಡೆಯುತ್ತಿದ್ದಾರೆ. ಅವರನ್ನು ಮರೆತು ಈ ವಿಷಯವನ್ನು ಮಾತನಾಡುವುದು ನನಗೆ ಸರಿಯೆನಿಸುವುದಿಲ್ಲ. ಇತ್ತೀಚೆಗೆ, 2023ರಲ್ಲಿ, ನರಗಳ ಕ್ಷಯದಿಂದ ತೋಳು ಎತ್ತಲಾಗದವರಿಗೆ ಕಂಕುಳಲ್ಲಿ ಉಬ್ಬುವ ಬಟ್ಟೆಯ ಚೀಲವುಳ್ಳ ಅಂಗಿಯನ್ನೂ, 2024ರಲ್ಲಿ ಪಾರ್ಕಿನ್ಸನ್ ಕಾಯಿಲೆಯಲ್ಲಿ ನಡೆಯುತ್ತಿರುವಾಗಲೇ ಹೆಜ್ಜೆ ಹೂತಂತೆ ನಿಂತುಬಿಡುವುದನ್ನು ತಡೆಯುವ ಸೊಂಟದ ಉಡುಪನ್ನೂ ಸಂಶೋಧಕರು ಪರೀಕ್ಷಿಸಿ ಪ್ರಕಟಿಸಿದ್ದಾರೆ. ಎರಡನೆಯದು ಒಬ್ಬರೇ ರೋಗಿಯ ಮೇಲೆ ನಡೆದ ಅಧ್ಯಯನವಾದ್ದರಿಂದ ಅದನ್ನು ಭರವಸೆಯ ಆರಂಭವೆಂದಷ್ಟೇ ಹೇಳಬೇಕು.

ಮಿತಿಗಳನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಬಟ್ಟೆ ಎಳೆಯಬಲ್ಲದು, ಭಾರ ಹೊರಲಾರದು. ಬೆನ್ನುಹುರಿಗೆ ಪೆಟ್ಟಾಗಿ ಎರಡೂ ಕಾಲುಗಳ ಸ್ವಾಧೀನ ಪೂರ್ತಿ ತಪ್ಪಿದವರನ್ನು ಇಂಥ ಉಡುಪು ನಿಲ್ಲಿಸಲಾರದು. ಅವರಿಗೆ ಗಟ್ಟಿ ಚೌಕಟ್ಟೇ ಬೇಕು. ತಂತಿ ಎಳೆದಷ್ಟೂ ಪಟ್ಟಿ ಜಾರುತ್ತದೆ, ಜಾರದಂತೆ ಬಿಗಿದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ. ಲಕ್ವ ಹೊಡೆದ ಕಾಲಿನಲ್ಲಿ ಸ್ಪರ್ಶಜ್ಞಾನ ಕಡಿಮೆಯಿರಬಹುದು, ಸಕ್ಕರೆ ಕಾಯಿಲೆಯೂ ಜೊತೆಗಿದ್ದರೆ ಆ ಹುಣ್ಣು ಗಮನಕ್ಕೆ ಬರುವುದೇ ತಡವಾಗಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ, ಬೆವರಿನಿಂದ ತೊಯ್ದ ಪಟ್ಟಿಯಡಿ ಚರ್ಮದ ಸ್ಥಿತಿ ಏನಾಗುತ್ತದೆಂಬುದನ್ನು ಹಾರ್ವರ್ಡಿನ ತಂಡವಿರುವ ಬಾಸ್ಟನ್ನಿನ ತಂಪು ಪ್ರಯೋಗಾಲಯದಲ್ಲಿ ತಿಳಿಯಲಾಗದು. ನಮ್ಮವರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಉಣ್ಣುತ್ತಾರೆ, ಶೌಚಕ್ಕೆ ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಹೆಣ್ಣುಮಕ್ಕಳು ಸೀರೆ ಉಡುತ್ತಾರೆ. ಸಪಾಟು ನೆಲದ ಮೇಲಿನ ನಡಿಗೆಗೆಂದು ರೂಪಿಸಿದ ಉಡುಪು ಇವುಗಳಿಗೆ ಹೊಂದಬೇಕಾದರೆ ಇಲ್ಲಿಯ ಮೈಮೇಲೆಯೇ ಅಳತೆ ಹಿಡಿದು ಹೊಲಿಯಬೇಕು.

ನನಗೆ ಆಸೆ ಹುಟ್ಟುವುದು ಇಲ್ಲಿಯೇ. ಹಾರ್ವರ್ಡಿನ ಆ ತಂಡದಲ್ಲಿ ಎಂಜಿನಿಯರುಗಳ ಜೊತೆ ಉಡುಪು ವಿನ್ಯಾಸಕರೂ ಕೆಲಸ ಮಾಡಿದ್ದಾರೆ, ಪ್ರಯೋಗಾಲಯದಲ್ಲಿ ಹೊಲಿಗೆ ಯಂತ್ರಗಳಿವೆ. ಹಾಸಿನ, ಅಂದರೆ ಉದ್ದನೆಯ ನೂಲುಗಳ, ದಿಕ್ಕಿಗೆ ಎಳೆದಾಗ ಬಟ್ಟೆ ಹೆಚ್ಚು ಹಿಗ್ಗದು, ಓರೆಯಾಗಿ ಕತ್ತರಿಸಿದರೆ ಹಿಗ್ಗುತ್ತದೆ. ಬಲ ಸೋರಿಹೋಗದೆ ಹಿಮ್ಮಡಿ ತಲುಪಬೇಕಾದರೆ ಯಾವ ಪಟ್ಟಿಯನ್ನು ಹೇಗೆ ಕತ್ತರಿಸಬೇಕು, ಎಲ್ಲಿ ಎರಡು ಹೊಲಿಗೆ ಹಾಕಬೇಕು ಎಂಬುದರ ಮೇಲೆಯೇ ಉಡುಪಿನ ಯಶಸ್ಸು ನಿಂತಿದೆ. ಜೀನ್ಸ್ ಉಡುಪಿಗೆ ಹೆಸರಾದ ಬಳ್ಳಾರಿಯಲ್ಲಿ ದಪ್ಪ ಬಟ್ಟೆಯನ್ನು ಕತ್ತರಿಸಿ ಹೊಲಿಯುವ ನುರಿತ ಕೈಗಳು ಎಷ್ಟೋ ಇವೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಎಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ. ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ಎಂಜಿನಿಯರ್, ಒಬ್ಬ ಟೈಲರ್ ಒಂದೇ ಮೇಜಿನ ಸುತ್ತ ಕೂತು, ಲಕ್ವದಿಂದ ಚೇತರಿಸಿಕೊಳ್ಳುತ್ತಿರುವ ಒಬ್ಬ ತಾಯಿಯ ಕಾಲಿಗೆ ಹೊಂದುವ, ಒಗೆಯಲು ಬರುವ, ಒಂದೇ ಕೈಯಿಂದ ತೊಡಲು ಸಾಧ್ಯವಾಗುವ ಪಟ್ಟಿಯನ್ನು ಮೊದಲು ಮಾಡಲಿ. ಮೋಟಾರು ಆಮೇಲೆ ಬರಲಿ.

ಅಲ್ಲಿಯವರೆಗೆ ಮನೆಯಲ್ಲಿ ಲಕ್ವ ಹೊಡೆದವರಿರುವ ಶ್ರೋತೃಗಳಲ್ಲಿ ಒಂದು ವಿನಂತಿ: ಯಂತ್ರಕ್ಕಾಗಿ ಕಾಯಬೇಡಿ. ಮೆದುಳು ಕಳೆದುಕೊಂಡ ಚಲನೆಯನ್ನು ಮತ್ತೆ ಕಲಿಯುವುದು ಒಂದೇ ಚಲನೆಯನ್ನು ಪದೇಪದೇ ಮಾಡುವುದರಿಂದ, ಮತ್ತು ಮೊದಲ ಕೆಲವು ತಿಂಗಳುಗಳಲ್ಲಿ ಆ ಕಲಿಕೆ ಹೆಚ್ಚು ಚುರುಕಾಗಿರುತ್ತದೆ. ಈ ಉಡುಪುಗಳು ಮಾಡುವುದೂ ಆ ಅಭ್ಯಾಸಕ್ಕೆ ಒತ್ತಾಸೆಯನ್ನೇ. ವೈದ್ಯರು ಒಪ್ಪಿದ ಕೂಡಲೇ ಹತ್ತಿರದ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಕರೆದೊಯ್ಯಿರಿ. ಪಾದ ಎಡವುತ್ತಿದ್ದರೆ ಅದನ್ನು ಎತ್ತಿಹಿಡಿಯುವ ಸಾದಾ ಪ್ಲಾಸ್ಟಿಕ್ ಪಟ್ಟಿಯ ಬಗ್ಗೆ ಅಲ್ಲಿ ತಪ್ಪದೆ ವಿಚಾರಿಸಿ.

ನಮಸ್ಕಾರ.