ಬಿಸಿಲಲ್ಲಿ ಫಿಶ್ ಫೈಂಡರ್ ಕಾಣದಿದ್ದರೆ ಏನು ಮಾಡಬೇಕು?

ಇದು ಮಲ್ಪೆ. ನಾಡದೋಣಿಯಲ್ಲಿ ಕಡಲಿಗೆ ಇಳಿದಿದ್ದೇವೆ. ಕ್ಯಾಬಿನ್ ಇಲ್ಲದ ದೋಣಿ, ಬಿಸಿಲೆಲ್ಲ ನೇರ ಫಿಶ್ ಫೈಂಡರ್ ಮೇಲೆ, ಅಂದರೆ ನೀರಿನಡಿಯ ಮೀನು, ತಳ ತೋರಿಸುವ ಮಷೀನಿನ ಮೇಲೆ. ಸ್ಕ್ರೀನ್‌ನಲ್ಲಿ ಏನು ಕಾಣುತ್ತಿದೆ ನೋಡಿ. ಆಕಾಶ, ದೋಣಿ ನಡೆಸುವ ಅಣ್ಣನ ಬಿಳಿ ಅಂಗಿ, ನನ್ನ ಕ್ಯಾಮೆರಾ. ಕೆಳಗೆ ಬಂಗುಡೆ ಗುಂಪೇ ಇದ್ದರೂ ಗೊತ್ತಾಗುವುದಿಲ್ಲ.

ಇಂಥ ಹೊತ್ತಲ್ಲಿ ಎಲ್ಲರೂ ಬ್ರೈಟ್‌ನೆಸ್ ಏರಿಸುತ್ತಾರೆ. ಏರಿಸಿ, ಆದರೆ ಅಷ್ಟೇ ಸಾಲದು. ಮಾಮೂಲಿ ಗಾಜಿನ ಒಂದೊಂದು ಮೇಲ್ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ವಾಪಸ್ ಕಳಿಸುತ್ತದೆ. ಕಡಿಮೆ ಅನಿಸುತ್ತದೆ ಅಲ್ವಾ? ಆದರೆ ನಡು ಮಧ್ಯಾಹ್ನದ ಬೆಳಕಿನಲ್ಲಿ ಶೇ 4 ಅಂದರೆ ತುಂಬಾ ಜಾಸ್ತಿ. ಒಳಗಿನ ಚಿತ್ರ ಅದರಲ್ಲೇ ಮುಳುಗಿಹೋಗುತ್ತದೆ.

ಅದಕ್ಕೇ ಒಂದು ಕೆಲಸ ಮಾಡಿ. ಫೈಂಡರ್ ಆಫ್ ಮಾಡಿ, ದಿನಾ ಕೂರುವ ಜಾಗದಲ್ಲೇ ಕೂತು ಆ ಕಪ್ಪು ಸ್ಕ್ರೀನ್ ನೋಡಿ. ಕನ್ನಡಿ ಥರ ಎಲ್ಲ ಕಾಣುತ್ತದೆ. ಅದರಲ್ಲಿ ಹೊಳೆಯುವುದು ಯಾವುದೋ, ಮೊದಲು ಅದನ್ನು ತಪ್ಪಿಸಬೇಕು. ಈಗ ಬ್ರಾಕೆಟ್ ಸಡಿಲ ಮಾಡಿ ಸ್ಕ್ರೀನನ್ನು ಸ್ವಲ್ಪ ಮುಂದಕ್ಕೆ ಬಾಗಿಸುತ್ತಿದ್ದೇನೆ. ಇನ್ನೂ ಸ್ವಲ್ಪ. ಹಾಂ, ಆಕಾಶ ಹೋಯಿತು, ದೋಣಿಯೊಳಗಿನ ನೆರಳು ಬಂತು. ಅಣ್ಣ ಅಂಗಿ ಮೇಲೆ ಕಪ್ಪು ಟವೆಲ್ ಹೊದ್ದುಕೊಂಡರು. ಈಗ ಆನ್ ಮಾಡಿದರೆ ಕಡಲ ತಳದ ಗೆರೆ ಸ್ಪಷ್ಟ. ಬ್ರೈಟ್‌ನೆಸ್ ಮುಟ್ಟಿಯೇ ಇಲ್ಲ ಮಾರಾಯ್ರೆ!

ಮೇಲೆ ಮರೆ ಕಟ್ಟುವುದಾದರೆ ಒಳಬದಿಗೆ ಮಿಂಚದ ಕಪ್ಪು ಬಣ್ಣವೇ ಇರಲಿ. ಇಲ್ಲದಿದ್ದರೆ ಆ ಮರೆಯೇ ಸ್ಕ್ರೀನ್‌ನಲ್ಲಿ ಹೊಳೆಯುತ್ತದೆ. ಹಗಲಿಗೆ ಸ್ಕ್ರೀನ್‌ನಲ್ಲಿ ಬಿಳಿ ಹಿನ್ನೆಲೆ ಹಾಕಿಕೊಳ್ಳಿ, ಕಪ್ಪು ರಾತ್ರಿಗೆ.

ಉಪ್ಪಿನ ಪದರ ಕೂತರೆ ಬಿಸಿಲಲ್ಲಿ ಇಡೀ ಸ್ಕ್ರೀನ್ ಮಂಜು ಮಂಜು. ಒಣಬಟ್ಟೆಯಿಂದ ಉಜ್ಜಲೇಬೇಡಿ, ಉಪ್ಪಿನ ಹರಳು ಗೀರುತ್ತದೆ. ಮೊದಲು ಸಿಹಿನೀರು, ಆಮೇಲೆ ಮೆತ್ತನೆ ಬಟ್ಟೆ. ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬೇಡವೇ ಬೇಡ, ಮೇಲಿನ ಲೇಪನ ಹಾಳಾಗುತ್ತದೆ.

ಪೋಲರಾಯ್ಡ್ ಕನ್ನಡಕ ಹಾಕುವವರು ಗಮನಿಸಿ. ಎಲ್‌ಸಿಡಿ ಸ್ಕ್ರೀನ್‌ನಿಂದ ಬರುವ ಬೆಳಕೂ ಪೋಲರೈಸ್ ಆಗಿರುವುದರಿಂದ, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವುದರಿಂದ, ಕನ್ನಡಕ ಅದನ್ನು ತಡೆದು ಕೆಲವು ಸ್ಕ್ರೀನ್ ಪೂರ್ತಿ ಕಪ್ಪಾಗಿ ಕಾಣುತ್ತವೆ. ತಲೆ ವಾಲಿಸಿದರೆ ಚಿತ್ರ ಬರುತ್ತದೆ. ಹಾಗಾದರೆ ದೋಷ ಮಷೀನಿನದ್ದಲ್ಲ, ಸುಮ್ನೆ ರಿಪೇರಿಗೆ ಒಯ್ಯಬೇಡಿ.

ಹೊಸದು ಕೊಳ್ಳುವವರು ಗಾಜಿಗೂ ಎಲ್‌ಸಿಡಿಗೂ ನಡುವೆ ಗಾಳಿ ಇಲ್ಲದಂತೆ ಅಂಟಿಸಿರುವ, ಆಪ್ಟಿಕಲ್ ಬಾಂಡಿಂಗ್ ಇರುವ ಮಾಡೆಲ್ ಕೇಳಿ. ಅದರಲ್ಲಿ ಪ್ರತಿಫಲನ ಕಡಿಮೆ, ಒಳಗೆ ಹಬೆಯೂ ಕೂರುವುದಿಲ್ಲ. ಅಂಗಡಿಯ ಟ್ಯೂಬ್‌ಲೈಟ್ ಕೆಳಗೆ ನೋಡಿ ದುಡ್ಡು ಕೊಡಬೇಡಿ. ಹೊರಗೆ ಬಿಸಿಲಿಗೆ ತಂದು ಆನ್ ಮಾಡಿಸಿ, ನಿಮ್ಮ ಕನ್ನಡಕ ಹಾಕಿಕೊಂಡೇ ನೋಡಿ.