ಕತೆಗೆ ಕಲ್ಲು, ಹಾಡಿಗೆ ಕೆಸರು

ಸಭೆಯಲ್ಲಿರುವ ಹಿರಿಯರೆ, ಗೆಳೆಯರೆ,

ಇಲ್ಲಿಗೆ ಬರುವಾಗ ಸೇತುವೆಯ ಮೇಲೆ ಎರಡು ನಿಮಿಷ ನಿಂತಿದ್ದೆ. ಹೊಳೆ ಕೆಂಪಾಗಿದೆ. ಅಂದರೆ ಮೂಡಿಗೆರೆ ಕಡೆ ಮಳೆ ಹಿಡಿದಿದೆ. ಜಾವಳಿಯ ಗಣಪತಿ ಗುಡಿಯ ಬಳಿ ಬೊಗಸೆಯಲ್ಲಿ ಹಿಡಿಯುವಷ್ಟು ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ, ಗೊರೂರಿನ ಹತ್ತಿರ ಯಗಚಿಯನ್ನು ಕೂಡಿಸಿಕೊಂಡು, ಒಟ್ಟು 245 ಕಿಲೋಮೀಟರ್ ಹರಿದು ಕಾವೇರಿಗೆ ಸೇರುತ್ತಾಳೆ. ಈ ಹೊಳೆಯ ಎರಡು ದಂಡೆಗಳಲ್ಲಿ ಹುಟ್ಟಿದ ಹಾಡು, ಕತೆಗಳ ಬಗ್ಗೆ ಮಾತಾಡಿ ಎಂದು ಸಂಘಟಕರು ಹೇಳಿದ್ದಾರೆ. ಆಹ್ವಾನ ಪತ್ರಿಕೆಯಲ್ಲಿ ‘ಹೇಮಾವತಿ ಕಣಿವೆ’ ಎಂದು ಅಚ್ಚಾಗಿದೆ. ಅದನ್ನು ನೋಡಿ ನನಗೆ ನಗು ಬಂತು. ನಮ್ಮ ಮನೆಯಲ್ಲಿ ಯಾರೂ ಕಣಿವೆ ಅಂದವರಲ್ಲ. ಹೊಳೆಯಾಚೆ, ಹೊಳೆಯೀಚೆ, ಅಷ್ಟೆ. ಹೆಣ್ಣು ಕೊಟ್ಟದ್ದು ಆಚೆ, ತಂದದ್ದು ಈಚೆ.

ನಲವತ್ತು ವರ್ಷ ಪಾಠ ಹೇಳಿದವನಿಗೆ ಒಂದು ದುರಭ್ಯಾಸ ಇರುತ್ತದೆ, ಹೇಳಬೇಕಾದ್ದನ್ನು ಮೊದಲೇ ಬೋರ್ಡಿನ ಮೇಲೆ ಬರೆದುಬಿಡುವುದು. ಇವತ್ತೂ ಹಾಗೇ ಮಾಡುತ್ತೇನೆ. ನಮ್ಮ ಸೀಮೆಯ ಕತೆಗಳು ಉಳಿದಿವೆ, ಹಾಡುಗಳು ಹೋಗುತ್ತಿವೆ. ಯಾಕೆ? ಕತೆಗೆ ಒಂದು ಕಲ್ಲು ಸಾಕು. ಹಾಡಿಗೆ ಕೆಲಸ ಬೇಕು.

ಕಲ್ಲಿನಿಂದ ಶುರು ಮಾಡೋಣ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮ, ಹಳೆಯ ಶಾಸನಗಳ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ವಾಸಂತಿಕಾ ದೇವಿಯ ಗುಡಿಯ ಬಳಿ ಹುಲಿ ಎರಗಿತು, ಜೈನಮುನಿ ಸುದತ್ತರು ‘ಹೊಯ್ ಸಳ’ ಅಂದರು, ಸಳ ಹೊಡೆದ. ಈ ಕತೆಯನ್ನು ನಿಮಗೆ ಹೇಳುವುದು ಬೇಕಿಲ್ಲ, ನಿಮ್ಮ ಮೊಮ್ಮಕ್ಕಳು ನನಗಿಂತ ಚೆನ್ನಾಗಿ ಹೇಳುತ್ತಾರೆ. ಆದರೆ ಒಂದು ಲೆಕ್ಕ ನೋಡಿ. ವಿಷ್ಣುವರ್ಧನ ತಲಕಾಡಿನಲ್ಲಿ ಚೋಳರನ್ನು ಸೋಲಿಸಿದ್ದು 1116ರಲ್ಲಿ. ಚೋಳರ ಲಾಂಛನ ಹುಲಿ. ಸಳನ ಕತೆ ಬೇಲೂರಿನ ಶಾಸನದಲ್ಲಿ ಕಾಣುವುದು 1117ರಲ್ಲಿ. ಆ ಹುಲಿ ಕಾಡಿನದ್ದಲ್ಲ, ತಂಜಾವೂರಿನದು ಎಂದು ಕೆಲವು ಇತಿಹಾಸಕಾರರು ಹೇಳುವುದರಲ್ಲಿ ಹುರುಳಿದೆ ಎಂದೇ ನನಗೂ ಅನ್ನಿಸುತ್ತದೆ. ಹಾಗೆಂದು ಅಂಗಡಿಯವರ ಮುಂದೆ ಇದನ್ನು ಹೇಳಿ ನೋಡಿ! ಗುಡಿ ಇದೆ, ದೇವಿ ಇದ್ದಾಳೆ, ಬೇಲೂರು ಹಳೇಬೀಡಿನ ಬಾಗಿಲಲ್ಲಿ ಹುಲಿಯ ಜೊತೆ ಹೋರಾಡುವ ಹುಡುಗ ಇದ್ದಾನೆ. ಇಷ್ಟು ಸಾಕ್ಷಿ ಇಟ್ಟುಕೊಂಡ ಕತೆಯನ್ನು ನನ್ನಂಥ ಮೇಷ್ಟ್ರು ಅಲ್ಲಾಡಿಸಲಾಗುವುದಿಲ್ಲ.

ಯಗಚಿಯ ದಂಡೆಯ ಬೇಲೂರಿಗೆ ಬನ್ನಿ. ಅಲ್ಲಿಯ ಕತೆ ಜಕಣಾಚಾರಿಯದು. ಅಪ್ಪ ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದು ಮಗ ಡಂಕಣ ಹೇಳಿದ, ಉಳಿ ಇಟ್ಟು ನೋಡಿದರೆ ಕಲ್ಲಿನೊಳಗೆ ನೀರು, ನೀರಲ್ಲಿ ಕಪ್ಪೆ. ಮಾತು ಕೊಟ್ಟಂತೆ ಅಪ್ಪ ತನ್ನ ಬಲಗೈ ಕತ್ತರಿಸಿಕೊಂಡ. ಕಪ್ಪೆ ಚೆನ್ನಿಗರಾಯ ಇಂದಿಗೂ ಅಲ್ಲೇ ನಿಂತಿದ್ದಾನೆ, ಆ ಗುಡಿಯನ್ನು ಕಟ್ಟಿಸಿದವಳು ರಾಣಿ ಶಾಂತಲೆ. ನಾನು ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೋದಾಗಲೆಲ್ಲ ಈ ಕತೆ ಮುಗಿದ ಮೇಲೆ ಅವರನ್ನು ಮದನಿಕೆಯರ ಕೆಳಗೆ ನಿಲ್ಲಿಸುತ್ತಿದ್ದೆ. ಅಲ್ಲಿ ಕೆತ್ತಿದವರು ತಮ್ಮ ಹೆಸರನ್ನೇ ಬಿಟ್ಟುಹೋಗಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಇಲ್ಲೂ ಅಪ್ಪ ಮಗ! ಒಬ್ಬರ ಕೈ ಒಬ್ಬರು ಕಡಿಸಲಿಲ್ಲ, ಒಂದೇ ಸೂರಿನ ಕೆಳಗೆ ಕೆಲಸ ಮಾಡಿದರು. ಹೆಸರು ಕಲ್ಲಿನಲ್ಲೇ ಇರುವ ಈ ಅಪ್ಪ ಮಗನನ್ನು ಊರು ಮರೆತಿದೆ, ಜಕಣಾಚಾರಿಯನ್ನು ನೆನಪಿಟ್ಟಿದೆ. ಜಗಳವಿಲ್ಲದ ಮನೆಯ ಸುದ್ದಿ ಯಾರಿಗೆ ಬೇಕು ಹೇಳಿ?

ಅದೇ ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು 450ರದ್ದು. ಯುದ್ಧದಲ್ಲಿ ಗೆದ್ದ ವಿಜ ಅರಸ ಎಂಬ ವೀರನಿಗೆ ‘ಬಾಳ್ಗಳ್ಚು’ ಕೊಟ್ಟರು ಎಂಬ ಸುದ್ದಿ ಅದರಲ್ಲಿದೆ. ಬಾಳು ಎಂದರೆ ಕತ್ತಿ, ಕಳ್ಚು ಎಂದರೆ ತೊಳೆ. ಕತ್ತಿಯ ರಕ್ತ ತೊಳೆದು ಕೊಟ್ಟ ದತ್ತಿ. ಎಂಥ ಪದ! ಆದರೆ ಮೂಲ ಕಲ್ಲು ಊರು ಬಿಟ್ಟು ಹೋಯಿತು. ವಿಜ ಅರಸನ ಬಗ್ಗೆ ಊರಿನ ಬಾಯಲ್ಲಿ ಒಂದು ಕತೆಯನ್ನೂ ನಾನು ಕೇಳಿಲ್ಲ.

ಮಂಜರಾಬಾದ್ ಕೋಟೆ ಇಲ್ಲೇ ತಲೆಯ ಮೇಲಿದೆ, ಹೆಚ್ಚು ಹೇಳುವುದಿಲ್ಲ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ. ಬಂದ ದಿನ ಮಂಜು ಕವಿದು ಏನೂ ಕಾಣಲಿಲ್ಲ, ಅದಕ್ಕೇ ಆ ಹೆಸರಿಟ್ಟ ಅನ್ನುತ್ತಾರೆ ಜನ. ಕನ್ನಡದ ಮಂಜಿಗೆ ಪಾರ್ಸಿಯ ಆಬಾದ್. ನಿಜವೋ ಸುಳ್ಳೋ, ಜುಲೈ ತಿಂಗಳಲ್ಲಿ ಮೇಲೆ ಹತ್ತಿದವರು ಯಾರೂ ತಕರಾರು ತೆಗೆಯಲಾರರು.

ಇನ್ನು ಹಾಡು. ನನಗೆ ನಿಜವಾಗಿ ಹೇಳಬೇಕಾದ್ದು ಇಲ್ಲಿದೆ.

ನಾನು ಹುಡುಗನಾಗಿದ್ದಾಗ ನಮ್ಮ ಗದ್ದೆಯ ನಾಟಿಗೆ ಇಪ್ಪತ್ತು ಜನ ಹೆಂಗಸರು ಸಾಲಾಗಿ ಬಗ್ಗುತ್ತಿದ್ದರು. ತಲೆಯ ಮೇಲೆ ಗೊರಬು, ಗೊರಬಿನ ಮೇಲೆ ಮಳೆ. ಒಬ್ಬಾಕೆ ಎತ್ತುಗಡೆ ಮಾಡಿದರೆ ಉಳಿದವರು ಸೊಲ್ಲು ಹಿಡಿಯುತ್ತಿದ್ದರು. ಹಾಡು ಹೆಚ್ಚಾಗಿ ತ್ರಿಪದಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಸುಮಾರು 700ರಲ್ಲೇ ಕೆತ್ತಿದ ಮಟ್ಟು ಅದು. ಅದರಲ್ಲಿ ಒಂದು ಗುಟ್ಟಿದೆ. ಪುಸ್ತಕದಲ್ಲಿ ಮೂರೇ ಸಾಲು, ಆದರೆ ಹಾಡುವಾಗ ಎರಡನೇ ಸಾಲನ್ನು ಮತ್ತೆ ಹೇಳುತ್ತಾರೆ. ಓದುವವರಿಗೆ ಅದು ಪುನರುಕ್ತಿ. ಕೆಸರಲ್ಲಿ ನಿಂತವಳಿಗೆ ಅದು ಹಿಂದಕ್ಕೊಂದು ಹೆಜ್ಜೆ ಇಟ್ಟು, ಉಸಿರು ತೆಗೆದುಕೊಂಡು, ಮುಂದಿನ ಹಿಡಿಯಿಂದ ಸಸಿ ಬಿಡಿಸಿಕೊಳ್ಳುವ ಹೊತ್ತು. ಮೂರನೇ ಸಾಲಿನಲ್ಲಿ ಏನು ಬರುತ್ತದೋ ಎಂದು ಉಳಿದವರು ಕಾಯುವುದೂ ಆಗಲೇ. ಅತ್ತೆಯನ್ನು ಬೈಯುವುದು, ಯಜಮಾನನನ್ನು ಚುಚ್ಚುವುದು ಎಲ್ಲ ಆ ಮೂರನೇ ಸಾಲಿನಲ್ಲೇ. ಬದುವಿನ ಮೇಲೆ ಕೊಡೆ ಹಿಡಿದು ನಿಂತ ನಮ್ಮಪ್ಪ ಕೇಳದವರಂತೆ ಹೊಳೆಯ ಕಡೆ ನೋಡುತ್ತಿದ್ದರು.

ಆಮೇಲೆ ಏನಾಯಿತು, ನಿಮಗೇ ಗೊತ್ತು. ಆಳು ಸಿಗಲಿಲ್ಲ, ಭತ್ತ ಗಿಟ್ಟಲಿಲ್ಲ, ಗದ್ದೆ ಹಡ್ಲು ಬಿತ್ತು, ಅಂದರೆ ಪಾಳಾಯಿತು, ಕೆಲವು ಕಡೆ ಕಾಫಿ, ಅಡಿಕೆ ಬಂತು. ಹಣ್ಣು ಕುಯ್ಯುವಾಗ ಹಾಡಲಿಲ್ಲವೇ ಎಂದು ಕೇಳಬಹುದು. ಹಾಡುತ್ತಿದ್ದರು, ಆದರೆ ಗಿಡಕ್ಕೊಬ್ಬರು ನಿಂತರೆ ಸೊಲ್ಲು ಹಿಡಿಯುವವರು ಯಾರು? ಕಾಫಿ ತೋಟದ ಲೈನ್ ಮನೆಗಳಲ್ಲಿ ತುಳುವೂ ತಮಿಳೂ ಇತ್ತು. ಹಣ್ಣಿನ ತೂಕ ಬರೆಯುವ ರೈಟರಿಗೆ ಹಾಡಿನಿಂದ ಲಾಭವಿಲ್ಲ.

ಕೆಳಗಡೆ ಇನ್ನೊಂದು ಬಗೆ. 1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದಾಗ ಊರುಗಳ ಜೊತೆ ಗದ್ದೆಬಯಲುಗಳೂ ನೀರಿನಡಿ ಹೋದವು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ಅದಕ್ಕೆ ಎಷ್ಟೋ ಮೊದಲೇ ಹಳ್ಳಿಯ ಹಾಡುಗಳನ್ನು ಬರೆದಿಟ್ಟುಕೊಂಡದ್ದು ನಮ್ಮ ಪುಣ್ಯ. ಶೆಟ್ಟಿಹಳ್ಳಿಯ ಚರ್ಚು ಮಾತ್ರ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಏಳುತ್ತದೆ, ಫೋಟೋ ತೆಗೆಯುವವರು ಬರುತ್ತಾರೆ, ದಿನಕ್ಕೊಂದು ಹೊಸ ಕತೆ ಕಟ್ಟುತ್ತಾರೆ. ನೋಡಿ, ಅಲ್ಲೂ ಗೋಡೆ ಉಳಿಯಿತು, ಕತೆ ಬೆಳೆಯಿತು. ಗದ್ದೆ ಮುಳುಗಿತು, ಹಾಡು ನಿಂತುಹೋಯಿತು.

ನನ್ನ ಮಾತಿಗೆ ಎದುರು ಸಾಕ್ಷಿಯೂ ಇದೆ, ಮುಚ್ಚಿಡಬಾರದು. ಕೊಪ್ಪ, ಶೃಂಗೇರಿ ಕಡೆ ದೀಪಾವಳಿಯ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುತ್ತಾರೆ. ಅದಕ್ಕೆ ಗದ್ದೆಯೂ ಬೇಡ, ನೊಗವೂ ಬೇಡ. ನಮ್ಮಲ್ಲಿ ಸುಗ್ಗಿ ಕುಣಿತವೂ ಹಾಗೇ ಉಳಿದಿದೆ. ಪಂಚಾಂಗ ಕೈಹಿಡಿದ ಹಾಡು ಬದುಕಿಕೊಂಡಿತು ಅನ್ನಬೇಕು. ಹೆಂಗಸರ ಹಾಡಿಗೆ ಆ ಪಂಚಾಂಗದಲ್ಲಿ ಅಷ್ಟು ಜಾಗ ಸಿಗಲಿಲ್ಲ.

ಹೋದ ವರ್ಷ ಆಲೂರು ಕಡೆ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿ, ಮೊಬೈಲ್ ಮುಂದಿಟ್ಟು, ‘ನಾಟಿ ಪದ ಹೇಳಿ ಅಜ್ಜಿ’ ಅಂದೆ. ಬಾಯಿ ತೆರೆದರು, ಬರಲಿಲ್ಲ. ಇನ್ನೊಮ್ಮೆ, ಬರಲಿಲ್ಲ. ‘ಮರ್ತೇ ಹೋಯ್ತಾ?’ ಅಂದೆ. ನನ್ನನ್ನೇ ಬೈದರು. ‘ಕುರ್ಚಿ ಮೇಲ್ ಕೂತ್ಕಂಡ್ ನಾಟಿ ಹಾಕ್ತಾರೇನ್ಲಾ ಮಗ?’ ಎದ್ದು, ಅಂಗಳಕ್ಕಿಳಿದು, ಸೆರಗು ಸಿಕ್ಕಿಸಿ, ಎಡಗೈಯಲ್ಲಿ ಇಲ್ಲದ ಸಸಿಯ ಹಿಡಿ ಹಿಡಿದು ಬಗ್ಗಿದರು. ಪದ ಬಂತು. ಹೊಳೆ ತುಂಬಿದೆ, ಆಚೆ ದಂಡೆಯಲ್ಲಿ ತವರು, ಅಣ್ಣ ದೋಣಿ ತರಲಿಲ್ಲ ಎಂಬ ಪದ. ಮೊದಲ ಸಾಲು, ಎರಡನೇ ಸಾಲು, ಮತ್ತೆ ಎರಡನೇ ಸಾಲು. ಅಲ್ಲಿಗೆ ಸೊಂಟ ಹಿಡಿಯಿತು, ಸೊಸೆ ಓಡಿಬಂದು ಎಬ್ಬಿಸಿ ಒಳಗೆ ಕರೆದುಕೊಂಡು ಹೋದರು.

ಮೂರನೇ ಸಾಲು ನನ್ನ ಹತ್ತಿರ ಇಲ್ಲ. ಇಲ್ಲಿ ಹೊಳೆಯಾಚೆಯಿಂದ ಬಂದ ತಾಯಂದಿರು ಬಹಳ ಜನ ಕಾಣುತ್ತಿದ್ದೀರಿ. ಆ ದನಿಯನ್ನು ಈಗ ಕೇಳಿಸುತ್ತೇನೆ, ನಾಯಿ ಬೊಗಳುವುದೂ ಸೇರಿದೆ, ಕ್ಷಮಿಸಿ. ಗೊತ್ತಿದ್ದವರು ಅಲ್ಲಿಂದ ಎತ್ತಿಕೊಳ್ಳಿ. ಆ ಮೈಕ್ ಸ್ವಲ್ಪ ಅಮ್ಮನವರ ಕಡೆಗೆ ಕೊಡಿ.